ಗೈರುಹಾಜರಿಯಲ್ಲಿ ಆಯ್ಕೆಯಾದವಳು

31 ಮಾರ್ಚ್ 2024, ಈಸ್ಟರ್ ಭಾನುವಾರ

ಟವೆಲ್ ಒದ್ದೆ ಮಾಡಿ ಬಾಗಿಲ ಸಂದಿಗೆ ತುರುಕಿದ್ದಾಯಿತು. ಪರದೆ ಎಳೆದದ್ದಾಯಿತು. ಓಕ್ಕೊ ಎರಡು ಸುರುಳಿ ಸುತ್ತಿ ತಟ್ಟೆಯಲ್ಲಿಟ್ಟ. ತೆಳ್ಳಗಿನದು ಅವನಿಗೆ, ದಪ್ಪದ್ದು ನನಗೆ. ಹೆಂಡತಿಗೆ ಯಾವಾಗಲೂ ದೊಡ್ಡ ಪಾಲು — ಅವನ ಪ್ರೀತಿಯೇ ಹಾಗೆ.

"ಕದ್ದು ಸೇದೋದು ಇವತ್ತೇ ಕೊನೆ ಕಣೇ ಟೇಡಾ" ಎಂದ.

ನಾಳೆಯಿಂದ ಜರ್ಮನಿಯಲ್ಲಿ ಗಾಂಜಾ ಕಾನೂನುಬದ್ಧ. ಮನೆಯಲ್ಲಿ ಗಿಡ ಇಟ್ಟುಕೊಳ್ಳಬಹುದು, ಜೇಬಿನಲ್ಲಿ ಇಟ್ಟುಕೊಂಡು ಓಡಾಡಬಹುದು. ಇಷ್ಟು ದೊಡ್ಡ ವಿಷಯವನ್ನು ಏಪ್ರಿಲ್ ಒಂದನೇ ತಾರೀಕೇ ಶುರು ಮಾಡಬೇಕು ಅಂತ ಬರ್ಲಿನ್ನಿನಲ್ಲಿ ಯಾರಿಗೆ ಹೊಳೆಯಿತೋ. ಒಬ್ಬರಿಗೂ ನಗು ಬರಲಿಲ್ಲವೇ?

ಕೆಳಗಿನ ಮನೆಯಲ್ಲಿ ಅತ್ತೆ ಟಿವಿ ಜೋರು ಮಾಡಿದರು. ಹಿತ್ತಲ ಶೆಡ್ಡಿನಲ್ಲಿ ಓಕ್ಕೊ ಟೊಮೇಟೊ ಬೆಳೆಯುತ್ತಾನೆ ಅಂತ ಅವರಿಗೆ ಹೇಳಿದ್ದೇವೆ. ಈ ಮನೆಗೆ ಬಂದಾಗಿನಿಂದ ಅದೇ ಸುಳ್ಳು.

1 ಏಪ್ರಿಲ್

ಕಿಟಕಿ ತೆರೆದಿಟ್ಟು ಸೇದಿದೆವು. ಎದುರು ಮನೆಯಾತ ನಾಯಿ ಕರೆದುಕೊಂಡು ಹೋಗುತ್ತಾ ತಲೆ ಎತ್ತಿ "ಮೊಯಿನ್" ಎಂದು ನಮಸ್ಕರಿಸಿದ. ನಾವೂ "ಮೊಯಿನ್" ಎಂದೆವು. ನಾಯಿ ಕಂಬಕ್ಕೆ ಕಾಲೆತ್ತಿತು. ಮುಗಿಯಿತು ನಮ್ಮ ಕ್ರಾಂತಿ.

ಓಕ್ಕೊಗೆ ಕಣ್ಣಲ್ಲಿ ನೀರು. ನರ್ಸರಿಯಲ್ಲಿ ಹಗಲೆಲ್ಲ ಸಮಾಧಿಗಳಿಗೆ ಇಡುವ ಹೂಗಿಡ ಬೆಳೆಸುವವನು. ಅವನ ಕೈಗುಣ ನಿಜವಾಗಿ ಕಾಣುವುದು ಶೆಡ್ಡಿನಲ್ಲಿ. ಅದನ್ನು ಯಾರಿಗೂ ತೋರಿಸುವಂತಿರಲಿಲ್ಲ. "ಇನ್ಮೇಲೆ ನಾನು ತೋಟಗಾರ ಕಣೇ, ಕಳ್ಳ ಅಲ್ಲ" ಎಂದ. ಅವನಿಗಾಗಿ ಖುಷಿಯಾಯಿತು.

ನನಗೆ ಮಾತ್ರ ಏನೋ ಕಡಿಮೆ ಬಿದ್ದ ಹಾಗೆ. ಬಾಗಿಲು ಹಾಕಿಕೊಂಡು ಇಬ್ಬರೇ ತಪ್ಪು ಮಾಡುವುದರಲ್ಲಿ ಒಂದು ಒಗ್ಗಟ್ಟಿತ್ತು. ಕಿಟಕಿ ತೆರೆದ ಮೇಲೆ ನಾವು ಬರೀ ಸೋಫಾದ ಮೇಲೆ ಕೂತ ಇಬ್ಬರು. ವಿಚಿತ್ರ.

12 ಮೇ

ಇವತ್ತು ಸಂಘದ ಸ್ಥಾಪನಾ ಸಭೆ. ಒಟ್ಟಿಗೆ ಬೆಳೆದು ಒಟ್ಟಿಗೆ ಹಂಚಿಕೊಳ್ಳುವ ಸಂಘ — ಅಂಗಡಿಯಲ್ಲಿ ಮಾರುವುದಕ್ಕೆ ಈ ದೇಶದಲ್ಲಿ ಅನುಮತಿಯಿಲ್ಲ, ಸಂಘ ಕಟ್ಟುವುದಕ್ಕಿದೆ. ಜರ್ಮನರಿಗೆ ಇನ್ನೇನು ಬೇಕು?

ಹೋಗಬೇಕೆಂದೇ ಇದ್ದೆ. ಹೊರಡುವ ಮುಂಚೆ ಸ್ವಲ್ಪವೇ ಸ್ವಲ್ಪ ಸೇದಿದೆ. ಒಂದು ಕಾಲಿಗೆ ಶೂ ಹಾಕಿಕೊಂಡೆ. ಇನ್ನೊಂದು ಹಾಕಿಕೊಳ್ಳುವ ಮುಂಚೆ ಸುಮ್ಮನೆ ಕೂತೆ... ಫೋನ್ ಬಡಿದುಕೊಂಡಾಗಲೂ ಅದೇ ಶೂ, ಅದೇ ಸೋಫಾ.

ಯೆಲ್ಟೊ. ಓಕ್ಕೊನ ಬಾಲ್ಯದ ಗೆಳೆಯ, ಟ್ಯಾಕ್ಸಿ ಓಡಿಸುತ್ತಾನೆ, ಈಗ ಸಂಘದ ಕಾರ್ಯದರ್ಶಿ.

"ಟೇಡಾ, ಅಭಿನಂದನೆ! ನಿನ್ನ ಗಂಡ ಅಧ್ಯಕ್ಷ. ನೀನು ವ್ಯಸನ ತಡೆ ಅಧಿಕಾರಿ."

"ಏನ್ ಅಧಿಕಾರಿ?"

"ಸದಸ್ಯರು ಅತಿ ಮಾಡ್ದಂಗೆ ನೋಡ್ಕೊಳ್ಳೋರು. ತರಬೇತಿ ಮಾಡಿ ಸರ್ಟಿಫಿಕೇಟ್ ತರ್ಬೇಕು. ಅಂಥೋರು ಒಬ್ರು ಇಲ್ದೆ ಲೈಸೆನ್ಸೇ ಕೊಡಲ್ವಂತೆ. ಯಾರೂ ಕೈ ಎತ್ಲಿಲ್ಲ. ನೀನು ಬಂದಿರ್ಲಿಲ್ಲ."

"ಬಂದಿರ್ಲಿಲ್ಲ ಅಂತ ನನ್ ತಲೆಗೆ ಕಟ್ಟೋದಾ?"

"ನಮ್ಮೂರಲ್ಲಿ ಯಾವ ಸಂಘದಲ್ಲಿ ಬೇರೆ ಥರ ಆಗಿದೆ ಹೇಳು ನೋಡೋಣ? ಬಂದೂಕು ಗುರಿ ಸಂಘದ ಮೆರವಣಿಗೇಲಿ ಬಾವುಟನ ಓಕ್ಕೊ ಆರು ವರ್ಷ ಯಾಕೆ ಹೊತ್ತ? ಸಭೆ ದಿನ ಹಲ್ಲು ಕೀಳಿಸ್ಕೊಳ್ಳಕ್ಕೆ ಹೋಗಿದ್ದ. ಒಪ್ಗೆ ಇದೆ ಅಂತ ಬರ್ಕೊಳ್ಲಾ?"

ನಕ್ಕೆ. ನಗು ನಿಲ್ಲಲಿಲ್ಲ. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡ.

ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಸೇದುವವಳು ನಾನು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಿದ್ದಾರೆ.

9 ಜೂನ್

ಅತ್ತೆಯ ಮನೆಯಲ್ಲಿ ಭಾನುವಾರದ ಚಹಾ. ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ, ಅಂಚಿನಿಂದ ಇಳಿಬಿಟ್ಟ ಕೆನೆ. ಕಲಕಿದರೆ ಬೈಗುಳ. ಮೂರು ಬಟ್ಟಲು ಕುಡಿಯಲೇಬೇಕು. ಆಮೇಲೆ ಸಾಕು ಅನ್ನಿಸಿದರೆ ಚಮಚ ಬಟ್ಟಲೊಳಗೆ ಇಡಬೇಕು. ಬಾಯಲ್ಲಿ ಸಾಕು ಎಂದರೆ ಅವರಿಗೆ ಕಿವಿ ಕೇಳಿಸುವುದಿಲ್ಲ.

ಓಕ್ಕೊ ಬೆವರುತ್ತಾ ಹೇಳಿಯೇಬಿಟ್ಟ: "ಅಮ್ಮಾ, ಆ ಶೆಡ್ಡಲ್ಲಿ ಇದ್ದಿದ್ದು ಟೊಮೇಟೊ ಅಲ್ಲ. ಈಗ ಅದಕ್ಕೇ ಒಂದು ಸಂಘನೂ ಕಟ್ಟಿದೀವಿ."

"ಇಷ್ಟು ವರ್ಷದಲ್ಲಿ ಒಂದ್ ಟೊಮೇಟೊ ನನ್ನ ಅಡುಗೆಮನೆಗೆ ಬರ್ಲಿಲ್ಲ. ನಾನೇನು ದಡ್ಡೀನಾ?" ಎಂದರು ಅತ್ತೆ. ನನ್ನ ಕಡೆ ತಿರುಗಿದರು. "ನೀನೇನಮ್ಮ ಆ ಸಂಘದಲ್ಲಿ?"

ಹೇಳಿದೆ. ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ.

"ಯಾರನ್ನ ತಡೀತೀಯೇ? ಒಂಬತ್ತು ಗಂಟೆ ಆದ್ಮೇಲೆ ನಿಮ್ಮನೇಲಿ ಒಂದ್ ಮಾತು ಕೇಳ್ಸಲ್ಲ. ಬೇರೆ ಗಂಡ ಹೆಂಡ್ತೀರು ಜಗಳನಾದ್ರೂ ಆಡ್ತಾರೆ!"

ಓಕ್ಕೊ ಚಮಚವನ್ನು ಬಟ್ಟಲೊಳಗಿಟ್ಟ. ಎರಡನೇ ಬಟ್ಟಲಿಗೇ.

14 ಸೆಪ್ಟೆಂಬರ್, ಶನಿವಾರ. ಓಲ್ಡನ್‌ಬುರ್ಗ್‌ನಿಂದ ವಾಪಸಾಗುವ ರೈಲು

ತರಬೇತಿ ಮುಗಿಯಿತು. ಸರ್ಟಿಫಿಕೇಟ್ ಚೀಲದಲ್ಲಿದೆ.

ಬೇರೆ ಬೇರೆ ಸಂಘಗಳ ತಡೆ ಅಧಿಕಾರಿಗಳು. ಮುಕ್ಕಾಲು ಪಾಲು ಜನ ನನ್ನ ಹಾಗೆಯೇ ಸಭೆ ತಪ್ಪಿಸಿಕೊಂಡು ಸಿಕ್ಕಿಬಿದ್ದವರು. ಕಲಿಸಿದವರು ಕಲಿನೋವ್ಸ್ಕಿ ಎಂಬ ಹೆಂಗಸು. ಗಿಡ್ಡ ಕೂದಲು, ದೊಡ್ಡ ಶೂ. ಗಾಂಜಾ ಸೇದುವವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂದರು. ಕೆಲವರಿಗೆ ಆಗುತ್ತದೆ, ಅವರು ಸಾಮಾನ್ಯವಾಗಿ ನಗುಮುಖದವರೇ ಎಂದರು. ನಾನು ನಗುತ್ತಾ ಬರೆದುಕೊಂಡೆ.

ಊಟದ ನಂತರ ನಾಟಕ. ಒಬ್ಬರು ಅಧಿಕಾರಿ, ಒಬ್ಬರು ಕೈಮೀರಿ ಸೇದುವ ಸದಸ್ಯೆ. ಆ ಪಾತ್ರಕ್ಕೆ ನಾನೇ ಕೈ ಎತ್ತಿದೆ. ಸುಲಭ ಅನ್ನಿಸಿತ್ತು. ಪ್ರಶ್ನೆಗೆಲ್ಲ ಪಟಪಟ ಉತ್ತರ — ಯಾವಾಗ ಶುರು? ಕೆಲಸದಿಂದ ಬಂದ ಕೂಡಲೇ. ಬಿಟ್ಟು ನೋಡಿದ್ದೀರಾ? ಜ್ವರ ಬಂದಾಗ, ಒಂದು ದಿನ. ಎಲ್ಲರೂ ನಗುತ್ತಿದ್ದರು. ನಾನೂ ಹುರುಪಿನಲ್ಲಿದ್ದೆ. ಆಗ ಕಲಿನೋವ್ಸ್ಕಿ ಮಧ್ಯೆ ಬಂದು ಕೇಳಿದರು:

"ಸಂಜೆ ನೀವೂ ನಿಮ್ಮ ಯಜಮಾನ್ರೂ ಏನು ಮಾತಾಡ್ತೀರಿ?"

ಬಾಯಿ ತೆರೆದೆ. ಏನೂ ಇರಲಿಲ್ಲ.

ನಿನ್ನೆ ಏನು ಮಾತಾಡಿದೆವು? ಮೊನ್ನೆ? ಹೋದ ಚಳಿಗಾಲ? ಓಕ್ಕೊನ ಮುಖ ಕಾಣುತ್ತದೆ, ತಟ್ಟೆ ಕಾಣುತ್ತದೆ. ಮಾತು ಒಂದೂ ಇಲ್ಲ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಎಲ್ಲರೂ ಚಪ್ಪಾಳೆ ಹೊಡೆದರು. "ಎಂಥಾ ಅಭಿನಯ!" ಎಂದ ಒಬ್ಬ.

ಹೊರಡುವಾಗ ಕಲಿನೋವ್ಸ್ಕಿ ಕೋಟು ಹಾಕಿಕೊಳ್ಳುತ್ತಾ, ನನ್ನತ್ತ ನೋಡದೆ ಹೇಳಿದರು: "ಪ್ರತಿ ಗುರುವಾರ ನಾನು ನಿಮ್ಮೂರಿನ ವ್ಯಸನ ಸಲಹಾ ಕೇಂದ್ರದಲ್ಲಿರ್ತೀನಿ. ನೀವು ಏನು ಹೇಳಿದ್ರೂ ನಾನು ಹೊರಗೆ ಬಾಯಿ ಬಿಡೋ ಹಾಗಿಲ್ಲ. ಬನ್ನಿ, ಇಲ್ಲಾಂದ್ರೆ ಬಿಡಿ."

ಕುಂಬಳಕಾಯಿ ಕಳ್ಳಿ ಹೆಗಲು ಮುಟ್ಟಿ ನೋಡಿಕೊಂಡಿದ್ದನ್ನು ಅವರೊಬ್ಬರೇ ಕಂಡರು.

ಅದೇ ದಿನ, ಮನೆ

ಸೇದಿದೆ. ಸೇದುತ್ತಾ ಓಕ್ಕೊ ಹೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳಬೇಕು ಎಂದುಕೊಂಡೆ. ಏನೋ ಹೇಳಿದ. ಚೆನ್ನಾಗಿತ್ತು.

10 ಅಕ್ಟೋಬರ್, ಗುರುವಾರ

ಹೋದೆ. ಮೂರು ಸಲ ಬಾಗಿಲ ತನಕ ಹೋಗಿ ಬಂದವಳು ಇವತ್ತು ಒಳಗೆ ಹೋದೆ. ಕಾರಣ ಕೇಳಿದರೆ ಕುತೂಹಲ ಎನ್ನಬೇಕು. ಭಯವೂ ಇತ್ತು. ಆದರೆ ಭಯ ನನ್ನನ್ನು ಯಾವತ್ತೂ ಎಲ್ಲಿಗೂ ಕರೆದುಕೊಂಡು ಹೋಗಿಲ್ಲ.

ಕಾಯುವ ಕೋಣೆಯಲ್ಲಿ ಜನ! ಕಾನೂನು ಬಂದ ಮೇಲೆ ಹೆಚ್ಚಿದ್ದಾರಂತೆ. ನಾನು ಅಂದುಕೊಂಡದ್ದು ಹಾಗಾದರೆ ಸೇದುವುದೂ ಹೆಚ್ಚಾಗಿದೆ ಅಂತ. ಕಲಿನೋವ್ಸ್ಕಿ ಹೇಳಿದರು, "ಅದು ಎಣಿಸಿ ನೋಡಿದ್ಮೇಲೆ ಗೊತ್ತಾಗ್ಬೇಕು. ಮೊದ್ಲು ಇಲ್ಲಿ ಬಂದು ಬಾಯಿ ಬಿಡಕ್ಕೆ ಹೆದರ್ತಿದ್ರು, ಈಗ ಹೆದರಲ್ಲ. ಇಷ್ಟು ಮಾತ್ರ ನಂಗೊತ್ತು." ನಾನೂ ಅಷ್ಟೇ. ಪೊಲೀಸರ ಭಯವಿದ್ದಾಗ ಬಚ್ಚಿಡುವುದೊಂದೇ ಸಮಸ್ಯೆ ಎಂದುಕೊಂಡಿದ್ದೆ. ಬಚ್ಚಿಡುವುದು ತಪ್ಪಿದ ಮೇಲೆ ಅದರ ಹಿಂದಿದ್ದದ್ದು ಕಾಣಿಸಿತು.

ಹುದ್ದೆ ಬಿಡಬೇಕೇ ಎಂದು ಕೇಳಿದೆ. ಬಿಟ್ಟರೆ ಲೈಸೆನ್ಸ್ ಹೋಗುತ್ತದೆ, ಓಕ್ಕೊನ ಕನಸೂ ಹೋಗುತ್ತದೆ. "ಅದು ನೀವೂ ನಿಮ್ಮ ಸಂಘವೂ ಮಾತಾಡ್ಕೊಬೇಕು. ಯಜಮಾನ್ರಿಗೆ ಹೇಳಿದ್ದೀರಾ?"

ಹೇಳಿಲ್ಲ.

13 ಅಕ್ಟೋಬರ್

ಹೇಳಿದೆ. ಬಟಾಣಿ ಸುಲಿಯುತ್ತಿದ್ದವನು ಸುಲಿಯುತ್ತಲೇ ಇದ್ದ.

"ನಾಳೆಯಿಂದ ಸೇದಲ್ಲ ಓಕ್ಕೊ. ಒಂದಷ್ಟು ದಿನ. ಏನಾಗತ್ತೆ ನೋಡ್ಬೇಕು."

"ನನ್ನ ಗಿಡಕ್ಕೇನಾಗಿದೆ?"

"ಗಿಡಕ್ಕೇನೂ ಆಗಿಲ್ಲ ಮಾರಾಯ. ಆಗಿರೋದು ನಂಗೆ."

"ಈ ಸಲದ್ದು ಲಘುವಾಗಿದೆ. ಬೇಕಾದ್ರೆ ಇನ್ನೂ ಲಘುವಾಗಿ ಬೆಳೀತೀನಿ."

ಅಯ್ಯೋ, ಪಾಪ. ಅಳು ಬಂತು, ನಗುವೂ ಬಂತು. ಅವನು ಬಟಾಣಿಯ ಪಾತ್ರೆ ಪಕ್ಕಕ್ಕಿಟ್ಟು ಕೇಳಿದ:

"ಮತ್ತೆ ಸಂಜೆ ನಾವೇನು ಮಾಡೋದು?"

ನನಗೂ ಅದೇ ಪ್ರಶ್ನೆ. ಅದೊಂದೇ ಪ್ರಶ್ನೆ. ಸುರುಳಿ ತೆಗೆದುಬಿಟ್ಟರೆ ಈ ಮದುವೆಯಲ್ಲಿ ಇನ್ನೇನಾದರೂ ಉಳಿದಿದೆಯೇ?

15 ಅಕ್ಟೋಬರ್

ಬೆವರು. ಹಾಸಿಗೆ ಒದ್ದೆ. ಊಟದ ವಾಸನೆಗೇ ತಟ್ಟೆ ದೂರ ತಳ್ಳಿದೆ.

17 ಅಕ್ಟೋಬರ್

ಓಕ್ಕೊ ಸೂಪು ಸೊರಸೊರ ಎಂದು ಕುಡಿಯುತ್ತಾನೆ. ಇಷ್ಟು ವರ್ಷ ಇದನ್ನು ಸಹಿಸಿದ್ದು ಯಾರು? ಚಮಚ ಕಿತ್ತುಕೊಂಡೆ. "ಹುಚ್ಚು ಹಿಡಿದಿದ್ಯಾ?" ಎಂದ. "ಬಿಟ್ಟಿದೆ" ಎಂದೆ. ಕೆಳಗಿನಿಂದ ಅತ್ತೆ ಕೋಲಿನಿಂದ ಚಾವಣಿ ಕುಟ್ಟಿ ಕೂಗಿದರು: "ಹಾಂ, ಈಗ ಸಂಸಾರ!"

ಸಿಟ್ಟು, ನಿದ್ದೆಗೇಡು ಎಲ್ಲವೂ ಬಂದು ಹೋಗುವಂಥವು ಎಂದಿದ್ದಾರೆ ಕಲಿನೋವ್ಸ್ಕಿ. ಬಂದದ್ದನ್ನು ನೋಡಿದ್ದೇನೆ. ಹೋಗುವುದಕ್ಕೆ ಕಾಯುತ್ತಿದ್ದೇನೆ.

29 ಅಕ್ಟೋಬರ್

ಕನಸು!

ಬರೀ ಕನಸಲ್ಲ, ಸಿನಿಮಾ. ನಮ್ಮ ಆಫೀಸಿನಲ್ಲಿ ಸಂಬಳ ಲೆಕ್ಕ ಹಾಕುವ ಗುಮಾಸ್ತ ಸಮುದ್ರದ ಹುಲ್ಲು ಬೆಳೆದ ತಡೆಗೋಡೆಯ ಮೇಲೆ ಕುರಿ ಮೇಯಿಸುತ್ತಿದ್ದ. ಕುರಿಗಳಿಗೆಲ್ಲ ಟೈ. ಸೇದುವವರಿಗೆ ಕನಸು ಕಡಿಮೆ, ಬಿಟ್ಟಾಗ ನುಗ್ಗಿ ಬರುತ್ತವೆ ಎಂದು ತರಬೇತಿಯಲ್ಲಿ ಹೇಳಿದ್ದರು. ಯಾರೋ ಪುಕ್ಕಟೆ ಟಿಕೆಟ್ ಕೊಟ್ಟ ಹಾಗಾಗಿದೆ. ಬೇಗ ಮಲಗಲು ಆಸೆ.

21 ನವೆಂಬರ್

ನಾನು ಚಹಾ ಕಂಪನಿಯಲ್ಲಿ ರುಚಿ ನೋಡುವ ಮೇಜಿನ ಸಹಾಯಕಿ. ಬಟ್ಟಲು ಜೋಡಿಸುವುದು, ನೀರು ಹೊಯ್ಯುವುದು, ಕೊನೆಗೆ ನಾನೂ ಒಂದು ಗುಟುಕು ಹೀರಿ ಉಗಿಯುವುದು. ಇವತ್ತು ಅಸ್ಸಾಮಿನ ಒಂದು ಮಾದರಿಯಲ್ಲಿ ಹೊಗೆಯ ಎಳೆ ಸಿಕ್ಕಿತು. ಹೇಳಿದೆ. ದೊಡ್ಡ ರುಚಿಗಾರ ಮತ್ತೆ ಹೀರಿದ, ತಲೆ ಅಲ್ಲಾಡಿಸಿದ — ಇಲ್ಲವಂತೆ. ಇರಬಹುದು, ನನ್ನದೇ ಭ್ರಮೆ. ಆದರೂ ನಾಲಿಗೆ ಏನೋ ಹೇಳುತ್ತಿದೆ, ನಾನು ಕೇಳಿಸಿಕೊಳ್ಳುತ್ತಿದ್ದೇನೆ. ಮನೆಗೆ ಬಂದು ಓಕ್ಕೊಗೆ ಹೇಳೋಣ ಎಂದರೆ ಅವನು ಸಂಘದ ಹಸಿರುಮನೆಯಲ್ಲಿ. ಈಗೀಗ ಸಂಜೆಯೆಲ್ಲ ಅಲ್ಲೇ. ಲೈಸೆನ್ಸ್ ಬಂದಿದೆ, ಗಿಡ ಮೊಣಕಾಲೆತ್ತರ ಆಗಿವೆ, ಕಾವಲು ಬೇಕು ಎನ್ನುತ್ತಾನೆ. ಬೀಗವಿದೆ, ಬೇಲಿಯಿದೆ, ಕ್ಯಾಮೆರಾ ಇದೆ.

ನನ್ನ ಎದುರು ಸೇದಬಾರದು ಎಂಬ ಮರ್ಯಾದೆಗೆ ಹೋಗುತ್ತಾನೆ. ಗೊತ್ತು. ಆದರೆ ಸುರುಳಿಯ ಜೊತೆಗೆ ಅವನೂ ಹೋಗುತ್ತಾನಲ್ಲ.

24 ಡಿಸೆಂಬರ್

ಅತ್ತೆಯ ಮನೆಯಲ್ಲಿ ಕ್ರಿಸ್‌ಮಸ್. ಆಲೂಗಡ್ಡೆ ಸಲಾಡ್, ಸಾಸೇಜ್. ಓಕ್ಕೊ ಊಟದಿಂದ ಬೇಗ ಎದ್ದು ಹಸಿರುಮನೆಗೆ ಹೊರಟ. ಅತ್ತೆ ನನ್ನ ಬಟ್ಟಲಿಗೆ ನಾಲ್ಕನೇ ಸಲ ಚಹಾ ಹೊಯ್ದರು. ಇವತ್ತು ಸೇದಬೇಕು ಅನ್ನಿಸಿತು, ಬಹಳ. ಗಾಂಜಾಕ್ಕಾಗಿ ಅಲ್ಲ. ಅವನ ಪಕ್ಕದ ಜಾಗಕ್ಕಾಗಿ.

1 ಫೆಬ್ರವರಿ 2025, ಶನಿವಾರ

ಮೊದಲ ಬೆಳೆ. ಸಾಮಾನ್ಯ ಸಭೆ, ಆಮೇಲೆ ಹಂಚಿಕೆ. ಓಕ್ಕೊ ಮದುವೆಯ ಕೋಟು ಹಾಕಿಕೊಂಡಿದ್ದ. ಗಿಡಗಳ ಬಗ್ಗೆ ಮಾತಾಡಿದ, ಚೆನ್ನಾಗಿ ಮಾತಾಡಿದ. ಇಷ್ಟು ಜನರೆದುರು ಅವನು ಮಾತಾಡಬಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ಹೆಮ್ಮೆಯಾಯಿತು. ಮೊದಲ ಪೊಟ್ಟಣ ನನಗೇ ಚಾಚಿದ. ಎಲ್ಲರೂ ನೋಡುತ್ತಿದ್ದರು.

ತೆಗೆದುಕೊಂಡು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಆಗಲಿಲ್ಲ.

"ಬೇಡ ಓಕ್ಕೊ" ಎಂದೆ. ಸುಮ್ಮನಾಗಬೇಕಿತ್ತು, ಅಧಿಕಾರಿಯಲ್ಲವೇ, ಮುಂದುವರಿಸಿದೆ. "ನಾನು ಅಕ್ಟೋಬರಿಂದ ಚಿಕಿತ್ಸೆಗೆ ಹೋಗ್ತಿದ್ದೀನಿ. ಪ್ರತಿ ಸಂಜೆ ಸೇದ್ತಿದ್ದೆ, ಏನೂ ನೆನಪಿಲ್ದಂಗೆ. ಯಾರಿಗಾದ್ರೂ ಹಾಗೇ ಆಗ್ತಿದ್ರೆ ನನ್ ಹತ್ರ ಮಾತಾಡ್ಬೋದು. ನಾನು ಈ ಕೆಲಸ ಮಾಡ್ಬಾರ್ದು ಅನ್ಸಿದ್ರೆ ಹೇಳಿ, ಬಿಡ್ತೀನಿ."

 ಯಾರೋ ಮೂಗು ಒರೆಸಿಕೊಂಡರು. ಯೆಲ್ಟೊ ನಡಾವಳಿ ಬರೆಯುತ್ತಾ ಗಟ್ಟಿಯಾಗಿ ಓದಿದ: "ವ್ಯಸನ ತಡೆ ಅಧಿಕಾರಿ ತಾವು ಸೇದುವುದು ಬಿಟ್ಟಿರುವುದಾಗಿ ತಿಳಿಸಿದರು. ಚರ್ಚೆ ಇಲ್ಲ. ಮುಂದಿನ ವಿಷಯ, ಪಾರ್ಕಿಂಗ್."

ಪಾರ್ಕಿಂಗ್ ಬಗ್ಗೆ ಒಂದು ಗಂಟೆ ಜಗಳವಾಡಿದರು.

ಹೊರಗೆ ಯೆಲ್ಟೊ ನನ್ನ ಕಾರಿನ ಹತ್ತಿರ ಬಂದ. ಜೋಕು ಹೊಡೆಯುತ್ತಾನೆ ಎಂದು ಕಾದೆ. "ಬಿಟ್ಮೇಲೆ ನಿದ್ದೆ ಬರತ್ತಾ ಟೇಡಾ?" ಎಂದ. "ಮೊದ್ಲು ಬರಲ್ಲ. ಆಮೇಲೆ ಬರತ್ತೆ." ತಲೆಯಾಡಿಸಿ ಹೋದ.

ಅದೇ ದಿನ, ಸಂಜೆ

ಕೋಟು ಬಿಚ್ಚದೇ ಕೂತಿದ್ದ ಓಕ್ಕೊ.

"ಇಷ್ಟು ವರ್ಷ ನನ್ ಪಕ್ಕ ಕೂತಿದ್ದು ಕಾಯಿಲೆ ಅಂತ ಎಲ್ಲರ ಮುಂದೆ ಹೇಳಿದ್ಯಲ್ಲೇ."

"ನಿನ್ನ ಅನ್ಲಿಲ್ಲ. ನಂಗಾಗಿದ್ದು ಹೇಳ್ದೆ."

"ನಾನೂ ಅಲ್ಲೇ ಇದ್ದೆ ಟೇಡಾ. ಪ್ರತಿ ಸಂಜೆ. ನಿಂಗೆ ಒಂದೂ ನೆನಪಿಲ್ಲ. ನಂಗೆ ಇದೆ."

ಏನು ನೆನಪಿದೆ ಎಂದು ಕೇಳಬೇಕಿತ್ತು. ಎದ್ದು ಹೋಗಿಬಿಟ್ಟ.

16 ಫೆಬ್ರವರಿ

ಎರಡು ವಾರ ಬರೆಯಲಿಲ್ಲ. ಬರೆಯಲು ಏನಿತ್ತು? ಒಲೆ ಹಚ್ಚಿದೆ, ಉಪ್ಪು ಕೊಡು, ಬಿಲ್ ಬಂದಿದೆ.

ಇವತ್ತು ಹಸಿರುಮನೆಗೆ ನಾನೇ ಹೋದೆ. ಹೊಸ ಸಸಿಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದ. ಸಂಘದ ಜಾಗದಲ್ಲಿ ಸೇದುವಂತಿಲ್ಲ. ನಿಯಮ ಅಂದರೆ ನಿಯಮ, ಸೇದುತ್ತಲೂ ಇರಲಿಲ್ಲ. ಸುಮ್ಮನೆ ಕೂತಿದ್ದ. ಬರುವ ದಾರಿಯಲ್ಲೇ ಸೇದಿ, ಆಮೇಲೆ ಇಲ್ಲಿ ಬಂದು ಕೂರುತ್ತಾನಂತೆ.

"ಏನ್ ನೆನಪಿದೆ ನಿಂಗೆ?" ಎಂದೆ.

ಎಲೆಯೊಂದನ್ನು ತಿರುಗಿಸಿ ನೋಡುತ್ತಾ ಹೇಳಿದ. ನಮಗೆ ಮಕ್ಕಳಾಗದ ವಿಷಯ ಒಂದು ಸಂಜೆ ಮಾತಾಡಿದ್ದೆವಂತೆ. ನಾನು ಬಹಳ ಅತ್ತಿದ್ದೆನಂತೆ. ಅವನೂ ಅತ್ತನಂತೆ. ಮಾರನೇ ದಿನ ನಾನು ಏನೂ ಆಗದವಳಂತೆ ಕೆಲಸಕ್ಕೆ ಹೋದೆ. ಅವನು ಅದನ್ನು ನನ್ನ ಗಟ್ಟಿತನ ಎಂದುಕೊಂಡ. ಇಷ್ಟು ವರ್ಷ ಆ ಗಟ್ಟಿತನಕ್ಕೆ ಗೌರವ ಕೊಟ್ಟು ಮತ್ತೆ ಆ ಮಾತೆತ್ತಲಿಲ್ಲ.

ನನಗೆ ನೆನಪೇ ಇಲ್ಲ. ನಾನೊಬ್ಬಳೇ ಅತ್ತಿದ್ದೇನೆ, ಅವನಿಗೆ ದುಃಖವೇ ಆಗಲಿಲ್ಲ ಎಂದುಕೊಂಡೇ ಬದುಕಿದ್ದೆ.

ಸಸಿಗಳ ಮಧ್ಯೆ ನಿಂತು ಅತ್ತುಬಿಟ್ಟೆ. ಇದು ನೆನಪಿರುತ್ತದೆ.

"ಒಂಬತ್ತು ಗಂಟೆ ಆದ್ಮೇಲೆ ನೀನು ಯಾರು ಅಂತ ನಂಗೆ ಗೊತ್ತಿಲ್ಲ ಓಕ್ಕೊ" ಎಂದೆ. "ಗೊತ್ತು ಮಾಡ್ಕೊಬೇಕು. ಒಂದೇ ಒಂದು ಸಂಜೆ, ಇಬ್ರೂ ಸೇದ್ದೆ. ನೀನು ಬಿಡು ಅಂತಿಲ್ಲ. ಒಂದು ಸಂಜೆ."

"ನಾನು ಇಷ್ಟ ಆಗ್ದಿದ್ರೆ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಿಲ್ಲ" ಎಂದೆ.

ಎಲೆ ಬಿಟ್ಟು ಕೈ ಒರೆಸಿಕೊಂಡ. "ಮುಂದಿನ ಸೋಮವಾರ" ಎಂದ ಕೊನೆಗೆ. "ಅವತ್ತು ನೀರು ಹಾಕೋ ಪಾಳಿ ಯೆಲ್ಟೊಂದು."

24 ಫೆಬ್ರವರಿ, ಸೋಮವಾರ, ಸಂಜೆ

ನಿನ್ನೆ ಚುನಾವಣೆ ಮುಗಿಯಿತು. ಗೆದ್ದವರು ಈ ಕಾನೂನನ್ನೇ ವಾಪಸ್ ತೆಗೆಯುತ್ತೇವೆ ಎಂದವರು. ಬೆಳಿಗ್ಗೆಯಿಂದ ಯೆಲ್ಟೊ ಫೋನಿನ ಮೇಲೆ ಫೋನು: "ಮತ್ತೆ ಟವೆಲ್ ಒದ್ದೆ ಮಾಡ್ಬೇಕಾ ಟೇಡಾ?" ಅವರು ತೆಗೆಯಲಿ, ಬಿಡಲಿ, ಆಮೇಲೆ ನೋಡೋಣ. ಇವತ್ತು ಪುರುಸೊತ್ತಿಲ್ಲ.

ಓಕ್ಕೊ ನಿನ್ನೆಯಿಂದ ಮುಟ್ಟಿಲ್ಲವಂತೆ, "ಇವತ್ತು ಪೂರ್ತಿ ಖಾಲಿ ಇರ್ಬೇಕಲ್ಲ, ಅದಕ್ಕೆ" ಎಂದ. ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿದ. ಮಧ್ಯಾಹ್ನ ಶರ್ಟು ತಾನೇ ಇಸ್ತ್ರಿ ಮಾಡಿಕೊಂಡ, ಕಾಲರ್ ಸುಟ್ಟುಕೊಂಡ, ಇನ್ನೊಂದು ಮಾಡಿಕೊಂಡ. ಈಗ ತಡೆಗೋಡೆಯ ಮೇಲೆ ಒಂದು ಸುತ್ತು ಹಾಕಿ ಬರುತ್ತೇನೆ ಎಂದು ಹೋಗಿದ್ದಾನೆ.

ನಾನು ಮೀನು ಹುರಿದಿಟ್ಟಿದ್ದೇನೆ. ಎರಡು ಸಲ ಬಟ್ಟೆ ಬದಲಾಯಿಸಿದೆ. ನಾಚಿಕೆ! ಈ ವಯಸ್ಸಿನಲ್ಲಿ, ಸ್ವಂತ ಗಂಡನಿಗೆ. ಏನು ಮಾತಾಡುವುದು? ಮಕ್ಕಳ ವಿಷಯ ಮೊದಲೇ ಬೇಡ. ಅವನು ಯಾವ ಸೂಪು ಇಷ್ಟಪಡುತ್ತಾನೆ ಅನ್ನುವುದೂ ನನಗೆ ಸರಿಯಾಗಿ ಗೊತ್ತಿಲ್ಲ. ಅದನ್ನೇ ಕೇಳಬಹುದು. ಹೆದರಿಕೆ ಇದೆ. ಅದಕ್ಕಿಂತ ಹೆಚ್ಚು ತವಕ. ಯಾರು ಬರಬಹುದು?

ಕೆಳಗಿನ ಬಾಗಿಲು ಸದ್ದಾಯಿತು. ಮೆಟ್ಟಿಲು ಹತ್ತುತ್ತಿದ್ದಾನೆ, ನಿಧಾನ. ಅತ್ತೆ ಟಿವಿ ಆರಿಸಿದರು — ಕೇಳಿಸಿಕೊಳ್ಳುವುದಕ್ಕೇ!

ಬಾಗಿಲ ಹೊರಗೆ ನಿಂತಿದ್ದಾನೆ. ಒಳಗೆ ಬರುತ್ತಿಲ್ಲ. ಕೀಲಿ ಅವನ ಜೇಬಿನಲ್ಲೇ ಇದೆ.

ತಟ್ಟುತ್ತಿದ್ದಾನೆ. ತನ್ನ ಮನೆಯ ಬಾಗಿಲನ್ನೇ. ಮೆಲ್ಲಗೆ, ಬೆರಳ ಗಿಣ್ಣಿನಿಂದ, ಹೆಣ್ಣು ನೋಡಲು ಬಂದವನ ಹಾಗೆ. ಮತ್ತೆ ತಟ್ಟಿದ. ಬಂದೆ ಓಕ್ಕೊ, ಒಂದು ನಿಮಿಷ, ನನ್ನ ಕೂದಲು ಇನ್ನೂ—